ಹಾಳೆ ನೂರಾ ಹದಿನೇಳು

ಮೂರನೇ ಮಹಡಿ. ಪರದೆ ಎಳೆದ ಕೋಣೆ.
ಹೊರಗೆ ಮಿಡ್ಡೆಲ್ಬರ್ಗಿನ ಗಂಟೆಗೋಪುರ
ಕಾಲು ತಾಸಿಗೊಮ್ಮೆ ತನ್ನದೇ ಪಾಠ ಒಪ್ಪಿಸುತ್ತದೆ;
ಒಳಗೆ ನಾನು, ಒಂದು ಕ್ಯಾಮೆರಾ, ಎರಡು ದೀಪ,
ಮತ್ತು ನಾನೂರು ವರ್ಷದ ಸಮುದ್ರ,
ಬಿಡಿಸಿದಷ್ಟೂ ಸುರುಳಿಯಾಗುವ ಹಠಮಾರಿ.

ನಾಲ್ಕು ಮೂಲೆಗೆ ನಾಲ್ಕು ಮರಳಿನ ಚೀಲ ಇಟ್ಟು
ಉಸಿರು ಹಿಡಿಯುತ್ತೇನೆ. ಕ್ಲಿಕ್.
ಒಂದು ಅಳಿವೆ. ಕ್ಲಿಕ್. ಒಂದು ಕೊಲ್ಲಿ.
ಕೆನ್ನೆ ಊದಿಸಿಕೊಂಡ ಗಾಳಿಗಳು ನಾಲ್ಕು,
ಬಾಲ ಗಂಟುಬಿದ್ದ ತಿಮಿಂಗಿಲ ಒಂದು.
ಬರೆದವನು ಅದನ್ನು ಕಂಡಿರಲಿಲ್ಲ, ಪಾಪ,
ಹಂದಿಯ ಮೂತಿ ಕೊಟ್ಟು ಕೈತೊಳೆದುಕೊಂಡಿದ್ದಾನೆ.

ಬುಧವಾರ ಕ್ರೈನ್ ಬರುತ್ತಾನೆ.
ನಲವತ್ತೊಂದು ವರ್ಷ ಕಡಲಡಿಯ ಚಿಪ್ಪು ಬಾಚಿದ ಕೈ;
ಮೌಸು ಅದರಡಿ ಮೀನಿನಂತೆ ನುಣುಚುತ್ತದೆ.
"ಟಾನೆಕೆ, ದೋಣಿ ನೀನೇ ನಡೆಸು."
ಹುಡುಕುವುದು ಒಂದೇ ಊರು: ವೆರ್ಮೈಡೆ.
ಅವನ ಅಡ್ಡಹೆಸರಿನಲ್ಲಿ ಉಳಿದಿದೆ,
ಬೇರೆಲ್ಲೂ ಇಲ್ಲ.

ದೊಡ್ಡದು ಮಾಡುತ್ತೇನೆ. ಇನ್ನೂ ದೊಡ್ಡದು.
ಮೊದಲ ನಕ್ಷೆಯಲ್ಲಿ ಚರ್ಚು, ಮೂರು ಮನೆ, ಒಂದು ಗಾಳಿಗಿರಣಿ.
ಮೂವತ್ತು ವರ್ಷದ ಮೇಲಿನದರಲ್ಲಿ ಗೋಪುರ ಮಾತ್ರ,
ಸೊಂಟದ ತನಕ ಅಲೆಯ ಗೆರೆ.
ಆಮೇಲಿನದರಲ್ಲಿ ಒಂದು ಚುಕ್ಕಿ, ಅದೂ ಅನುಮಾನ.
ಆಮೇಲೆ ಬರೀ ಆಳದ ಅಂಕಿ: ಮೂರು, ಐದು, ಐದು, ಏಳು.
ಯಾರೋ ಲೆಕ್ಕ ಒಪ್ಪಿಸಿ ಎದ್ದುಹೋದ ಹಾಗೆ.

ಕ್ರೈನ್ ಪರದೆಗೆ ಬೆರಳಿಟ್ಟು ಓದುತ್ತಾನೆ.
"ಈ ಏಳರ ಮೇಲೆ ನನ್ನ ಬಲೆ ಎರಡು ಸಲ ಹರಿದಿದೆ,
ಕಲ್ಲಿಗೆ ಸಿಕ್ಕಿ. ಯಾರ ಮನೆಯ ಹೊಸ್ತಿಲೋ ಏನೋ.
ಬೈದಿದ್ದೆ. ಬೈಯಬಾರದಿತ್ತು."

ಇವತ್ತು ನೀರು ಸಾಕು ಅಂದ. ಆಕಾಶ ತೋರಿಸು.

ತೆರೆದೆ ಹಾಳೆ ನೂರಾ ಹದಿನೇಳು:
ಕಡುನೀಲಿ ಬಳಿದ ಉತ್ತರದ ಬಾನು,
ಕುರ್ಚಿಸಮೇತ ತಲೆಕೆಳಗಾದ ರಾಣಿ, ಹಂಸ,
ಕರಡಿ (ಕ್ರೈನನಿಗೆ ಅದು ಹಿಡಿಯಿರುವ ಬಾಣಲೆ),
ಮೈತುಂಬ ಬಿಳಿ ಚುಕ್ಕಿ ಚುಚ್ಚಿಸಿಕೊಂಡು
ನೋವೇ ಇಲ್ಲದಂತೆ ನಿಂತ ಪ್ರಾಣಿಗಳು.

ಬಹಳ ಹೊತ್ತು ಮಾತಿಲ್ಲ. ತುಟಿ ಅಲುಗುತ್ತಿತ್ತು.
"ಹಂಸದ ಕತ್ತಿನ ಕೆಳಗೆ, ಇದು ಯಾವುದು?
ಇದು ಇಲ್ಲ.
ಅದರಡಿ ಮಲಗಿದವನು ನಾನು, ನನಗೆ ಗೊತ್ತು."

ಪಟ್ಟಿ ತೆಗೆದೆ. ಮಾರ್ಚಿನಲ್ಲಿ ನಾನೇ ತುಂಬಿದ ವಿವರ:
ನಕ್ಷತ್ರಗಳು ಒಟ್ಟು ಮುನ್ನೂರ ಹನ್ನೆರಡು.
ಎಣಿಸಿದ್ದೆ. ಎರಡು ಸಲ ಎಣಿಸಿದ್ದೆ.

ನಮ್ಮ ಕಡೆ ಕಾಗದವನ್ನು ನೆಲಮಾಳಿಗೆಯಲ್ಲಿ ಇಡುವುದಿಲ್ಲ,
ನೀರಿನ ಮಾತನ್ನು ಯಾರೂ ನಂಬುವುದಿಲ್ಲ.
ಅಟ್ಟ ಹತ್ತಿ ಮೂಲ ಹಾಳೆ ತಂದು
ದೀಪಕ್ಕೆ ಹಿಡಿದೆ.
ಮುನ್ನೂರ ಹನ್ನೊಂದರಲ್ಲಿ ಬೆಳಕು ನಿಂತಿತು,
ಒಂದರಲ್ಲಿ ಹಾದು ಬಂದಿತು.

ಹುಳು. ಯಾವ ಚಳಿಗಾಲದ ಹಸಿವೋ,
ಹಂಸದ ಗಂಟಲ ಬಳಿ ಹೊಕ್ಕು
ಹಿಂಬದಿಯ ರಟ್ಟನ್ನೂ ದಾಟಿ ಹೋಗಿತ್ತು;
ಅಡಿಗೆ ನಾನು ಹಾಸಿದ ಬಿಳಿಹಾಳೆ
ಆ ತೂತಿನಲ್ಲಿ ಇಣುಕಿ
ನಕ್ಷತ್ರವೆಂದು ನನ್ನನ್ನು ನಂಬಿಸಿತ್ತು.

ಕ್ರೈನ್ ನಕ್ಕ, ಕೆಮ್ಮು ಬರುವ ತನಕ.
"ಊರಿಗೆ ಊರೇ ಅಳಿಸಿಬಿಡುತ್ತೀರಿ,
ಹುಳುವಿಗೆ ನೋಡು, ಆಕಾಶದಲ್ಲಿ ಜಾಗ!"
ಬಸ್ಸಿಗೆ ಹೊತ್ತಾಗಿತ್ತು. ಟೋಪಿ ಹುಡುಕಿಕೊಂಡ.
ಬಾಗಿಲಲ್ಲಿ ನಿಂತು: "ತಿದ್ದುತ್ತೀಯಾ?"

ತಿದ್ದಬೇಕು. ಸಂಬಳ ಕೊಡುವುದೇ ಅದಕ್ಕೆ.
ಮುನ್ನೂರ ಹನ್ನೊಂದು ಎಂದು ಒತ್ತಿದೆ.
ಟಿಪ್ಪಣಿ: ಹುಳು ಕೊರೆದ ತೂತು ಒಂದು.
ಚುಕ್ಕಿ ಆರಿತು. ಸದ್ದೇನೂ ಆಗಲಿಲ್ಲ.

ಕೈ ಅಷ್ಟಕ್ಕೇ ನಿಲ್ಲಲಿಲ್ಲ.
ಹಿಂದಕ್ಕೆ ಹೋಗಿ ಆ ಮೂರನೇ ನಕ್ಷೆ ತೆರೆದೆ,
ಅಲೆಗಳ ನಡುವಿನ ಆ ಒಂದು ಚುಕ್ಕಿ.
ಅದರ ಮುಂದೆಯೂ ನನ್ನದೇ ಅಕ್ಷರ: ಶಾಯಿಯ ಕಲೆ.
ಅಳಿಸಿದೆ.
ವೆರ್ಮೈಡೆ, ಎಂದು ತುಂಬಿದೆ.
ಆಧಾರ ಎಂಬಲ್ಲಿ: ಎರಡು ಸಲ ಹರಿದ ಬಲೆ.

ಮೇಲಿನವರು ನೋಡಿದರೆ ಕೇಳುತ್ತಾರೆ. ಕೇಳಲಿ.
ಗೋಪುರ ಮತ್ತೆ ಪಾಠ ಶುರುಮಾಡಿತು.
ಮುಂದಿನ ಹಾಳೆ ಬಿಡಿಸಿ ಮೂಲೆಗೆ ಚೀಲ ಇಟ್ಟೆ.
ಮೂರು ಮೂಲೆ ಒಪ್ಪಿತು.